ಪ್ರತಿಕಾಯಕ್ಕೂ ಪಾಟೀಸವಾಲು ಬೇಕು

ಒಂದು ರೋಗಕ್ಕೆ ಕಾರಣವಾದ ವಸ್ತು ಇಂಥದೆಂದು ಗೊತ್ತಾಯಿತು, ಅದನ್ನು ತಡೆದೊಡನೆ ಪ್ರಯೋಗಶಾಲೆಯ ಇಲಿಗಳು ಗುಣಹೊಂದಿದವು ಎಂಬ ವಾರ್ತೆ ಪತ್ರಿಕೆಗಳಲ್ಲಿ ಆಗಾಗ್ಗೆ ಕಾಣಿಸಿಕೊಳ್ಳುವುದುಂಟು. ಓದಿದವರಿಗೆ ಸಂತೋಷವಾಗುತ್ತದೆ, ಮನೆಯಲ್ಲಿ ಆ ರೋಗದಿಂದ ನರಳುವವರಿದ್ದರೆ ಆಸೆಯೂ ಚಿಗುರುತ್ತದೆ. ಕೆಲವು ವರ್ಷಗಳ ಮೇಲೆ ಅದೇ ಚಿಕಿತ್ಸೆ ಮನುಷ್ಯರಲ್ಲಿ ಫಲಿಸಲಿಲ್ಲವೆಂಬ ಸಮಾಚಾರ ಮಾತ್ರ ಯಾವುದೋ ಮೂಲೆಯಲ್ಲಿ ಅಚ್ಚಾಗುತ್ತದೆ, ಇಲ್ಲವೆ ಅಚ್ಚಾಗುವುದೇ ಇಲ್ಲ. ಇದಕ್ಕೆ ವಿಜ್ಞಾನಿಗಳ ಆತುರವೊಂದೇ ಕಾರಣವೆನ್ನುವುದು ನ್ಯಾಯವಲ್ಲ. ಇಂಥ ಎಷ್ಟೋ ನಿರ್ಣಯಗಳು ಪ್ರತಿಕಾಯವೆಂಬ ಒಂದೇ ಉಪಕರಣವನ್ನು ಆಶ್ರಯಿಸಿ ನಿಂತಿರುತ್ತವೆ. ಅದು ನುಡಿಯುವ ಸಾಕ್ಷ್ಯವನ್ನು ಯಾವ ಪ್ರಶ್ನೆಗಳನ್ನು ಕೇಳಿದ ಮೇಲೆ ನಂಬಬೇಕು ಎಂಬುದನ್ನು ವಿದ್ಯಾರ್ಥಿದೆಸೆಯಲ್ಲಿಯೇ ಕಲಿಯುವುದು ಅಗತ್ಯವೆಂದು ನಮ್ಮ ಅಭಿಪ್ರಾಯ. ಉರಿಯೂತಕ್ಕೆ ಸಂಬಂಧಿಸಿದ ಕೀಮೋಕೈನುಗಳ ಸಂಶೋಧನೆಯನ್ನು ಉದಾಹರಣೆಯಾಗಿ ತೆಗೆದುಕೊಂಡು ಈ ಮಾತನ್ನು ಸಮರ್ಥಿಸಲು ಇಲ್ಲಿ ಯತ್ನಿಸುತ್ತೇವೆ.

ಕಾಲಿಗೆ ಮುಳ್ಳು ಚುಚ್ಚಿ ಒಳಗೇ ಮುರಿದು ಉಳಿದರೆ ಮರುದಿನ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯತೊಡಗುತ್ತದೆ. ಇದೇ ಉರಿಯೂತ. ರಕ್ತನಾಳದಲ್ಲಿ ಹರಿದುಹೋಗುತ್ತಿದ್ದ ಬಿಳಿಯ ರಕ್ತಕಣಗಳು ನಾಳದ ಗೋಡೆಯನ್ನು ತೂರಿಕೊಂಡು ಮುಳ್ಳಿರುವ ಎಡೆಗೇ ಬಂದು ನೆರೆಯುತ್ತವೆ. ಅಷ್ಟು ದೊಡ್ಡ ದೇಹದಲ್ಲಿ ಅವು ಈ ಒಂದು ಚುಕ್ಕೆಯಷ್ಟು ಸ್ಥಳವನ್ನು ಹುಡುಕಿ ಬರುವುದು ಹೇಗೆ? ನೊಂದ ಭಾಗದ ಜೀವಕೋಶಗಳು ಅತಿ ಚಿಕ್ಕ ಪ್ರೋಟೀನುಗಳನ್ನು ಹೊರಸೂಸುತ್ತವೆ. ಅವು ಎಲ್ಲಿ ದಟ್ಟವಾಗಿವೆಯೋ ಆ ದಿಕ್ಕಿಗೆ ರಕ್ತಕಣಗಳು ಸರಿಯುತ್ತವೆ. ಈ ಕರೆಗಾರ ಪ್ರೋಟೀನುಗಳಿಗೆ ೧೯೯೨ರಿಂದ ಕೀಮೋಕೈನುಗಳೆಂಬ ಹೆಸರು ರೂಢಿಗೆ ಬಂದಿದೆ. ನ್ಯೂಟ್ರೊಫಿಲ್‌ಗಳೆಂಬ ಕಣಗಳನ್ನು ಕರೆಯುವ ಇಂಟರ್‌ಲ್ಯೂಕಿನ್-೮ ಎಂಬುದನ್ನು ೧೯೮೭ರಲ್ಲಿಯೂ, ಮಾನೋಸೈಟ್‌ಗಳನ್ನು ಕರೆಯುವ ಎಂ.ಸಿ.ಪಿ.-೧ ಎಂಬುದನ್ನು ೧೯೮೯ರಲ್ಲಿಯೂ ಗುರುತಿಸಿದರು. ಇಂದು ಮನುಷ್ಯನಲ್ಲಿ ಇಂಥ ಪ್ರೋಟೀನುಗಳು ಸುಮಾರು ೫೦ ಇವೆಯೆಂದೂ, ಅವುಗಳ ಕರೆಯನ್ನು ಕೇಳುವ ಗ್ರಾಹಕಗಳು ಸುಮಾರು ೨೦ ಇವೆಯೆಂದೂ ತಿಳಿದುಬಂದಿದೆ. ಒಂದೇ ಕೀಮೋಕೈನು ಹಲವು ಗ್ರಾಹಕಗಳಿಗೆ ಅಂಟಬಲ್ಲುದು. ಒಂದೇ ಗ್ರಾಹಕ ಹಲವು ಕೀಮೋಕೈನುಗಳ ಕರೆಗೆ ಓಗೊಡಬಲ್ಲುದು. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಮುಳ್ಳು ಹೊರಬಂದ ಮೇಲೆ ಕರೆ ನಿಲ್ಲುತ್ತದೆ, ಊತ ಇಳಿಯುತ್ತದೆ. ಆದರೆ ಕೆಲವು ರೋಗಗಳಲ್ಲಿ ಈ ಕರೆ ನಿಲ್ಲುವುದೇ ಇಲ್ಲ. ಕಾವಲಿಗೆ ಬಂದ ಪಡೆ ಮನೆಯನ್ನೇ ಸೂರೆಮಾಡುವಂತೆ, ಬಿಳಿಯ ಕಣಗಳು ಕೀಲುಗಳಲ್ಲಿಯೋ ರಕ್ತನಾಳದ ಗೋಡೆಯಲ್ಲಿಯೋ ಮಿದುಳಿನಲ್ಲಿಯೋ ನೆಲೆನಿಂತು ಹಾನಿಮಾಡುತ್ತವೆ. ಕರೆಯುವವನ ಬಾಯಿ ಮುಚ್ಚಿಸಿದರೆ ರೋಗ ತಗ್ಗಬಹುದಲ್ಲವೇ ಎಂಬ ಯೋಚನೆ ಸಹಜವಾಗಿಯೇ ಹುಟ್ಟಿತು. ಅದಕ್ಕೆ ಒದಗಿದ ಸಾಧನವೇ ಪ್ರತಿಕಾಯ.

ಪ್ರತಿಕಾಯವೆಂದರೆ ದೇಹ ತನ್ನ ರಕ್ಷಣೆಗಾಗಿ ತಯಾರಿಸುವ ಪ್ರೋಟೀನು. ಬೀಗಕ್ಕೆ ಕೀಲಿ ಹೊಂದುವಂತೆ ಅದು ಒಂದು ಗೊತ್ತಾದ ವಸ್ತುವಿಗೆ ಹೊಂದಿ ಅಂಟಿಕೊಳ್ಳುತ್ತದೆ. ೧೮೯೦ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬ ವಿಜ್ಞಾನಿಗಳು, ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದ ಸೀರಮ್ಮು ಮತ್ತೊಂದು ಪ್ರಾಣಿಯನ್ನು ಆ ವಿಷದಿಂದ ಕಾಪಾಡುವುದೆಂದು ತೋರಿಸಿದರು. ೧೯೭೫ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೈನ್ ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಕಾಲ ಉತ್ಪಾದಿಸುತ್ತಲೇ ಇರುವ ಜೀವಕೋಶಗಳನ್ನು ರೂಪಿಸಿದರು. ೧೯೮೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಅಂದಿನಿಂದ ಪ್ರತಿಕಾಯವು ಅಂಗಡಿಯಲ್ಲಿ ಕೊಳ್ಳಬಹುದಾದ ಪದಾರ್ಥವಾಯಿತು. ಇಲಿಯ ದೇಹ ತನ್ನ ಸ್ವಂತ ಪ್ರೋಟೀನಿಗೆ ಸಾಮಾನ್ಯವಾಗಿ ಪ್ರತಿಕಾಯ ತಯಾರಿಸದ ಕಾರಣ, ಇಲಿಯ ಕೀಮೋಕೈನುಗಳಿಗೆ ಬೇಕಾದ ಪ್ರತಿಕಾಯಗಳನ್ನು ಮೊಲ, ಮೇಕೆ, ಹ್ಯಾಮ್‌ಸ್ಟರ್ ಅಥವಾ ರ್ಯಾಟ್ ಎಂದು ಕರೆಯುವ ದೊಡ್ಡ ಜಾತಿಯ ಇಲಿಯಿಂದ ಪಡೆಯುತ್ತಾರೆ.

ಈ ಪ್ರತಿಕಾಯಕ್ಕೆ ಪ್ರಯೋಗಶಾಲೆಯಲ್ಲಿ ಎರಡು ಉದ್ಯೋಗಗಳಿವೆ. ಒಂದು ಪತ್ತೆಹಚ್ಚುವುದು, ಇನ್ನೊಂದು ತಡೆಯುವುದು.

ಪತ್ತೆಹಚ್ಚುವ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಲೈಸಾ ಎಂಬ ಪರೀಕ್ಷೆ. ೧೯೭೧ರಲ್ಲಿ ಸ್ಟಾಕ್‌ಹೋಮಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಇದನ್ನು ಪ್ರಕಟಿಸಿದರು. ಕೀಮೋಕೈನುಗಳಿಗಾಗಿ ಬಳಸುವ ರೂಪದಲ್ಲಿ, ತಟ್ಟೆಯ ಸಣ್ಣ ಗುಳಿಗಳಲ್ಲಿ ಒಂದು ಪ್ರತಿಕಾಯವನ್ನು ಅಂಟಿಸಿ, ಅದರ ಮೇಲೆ ಇಲಿಯ ರಕ್ತದ್ರವವನ್ನು ಸುರಿಯುತ್ತಾರೆ. ದ್ರವದಲ್ಲಿರುವ ಕೀಮೋಕೈನು ಅದಕ್ಕೆ ಸಿಕ್ಕಿಬೀಳುತ್ತದೆ. ಉಳಿದುದನ್ನು ತೊಳೆದು, ಅದೇ ಕೀಮೋಕೈನಿನ ಇನ್ನೊಂದು ಭಾಗವನ್ನು ಹಿಡಿಯುವ ಎರಡನೆಯ ಪ್ರತಿಕಾಯವನ್ನು ಹಾಕುತ್ತಾರೆ. ಈ ಎರಡನೆಯದಕ್ಕೆ ಕಟ್ಟಿದ ಕಿಣ್ವವೊಂದು ಬಣ್ಣ ಬರಿಸುತ್ತದೆ. ಬಣ್ಣ ಗಾಢವಾದಷ್ಟೂ ಕೀಮೋಕೈನು ಹೆಚ್ಚೆಂದು ಅರ್ಥ. ಪಿಕೋಗ್ರಾಮುಗಳಲ್ಲಿ, ಎಂದರೆ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಲೆಕ್ಕದಲ್ಲಿ, ಅಳೆಯುವ ಶಕ್ತಿ ಈ ಪರೀಕ್ಷೆಗಿದೆ. ಇದು ಮಾನವಬುದ್ಧಿಯ ದೊಡ್ಡ ವಿಜಯವೆನ್ನಲು ನಮಗೆ ಸಂಕೋಚವಿಲ್ಲ.

ಆದರೆ ಪತ್ತೆಯಾಯಿತು ಎಂದ ಮಾತ್ರಕ್ಕೆ ಅಪರಾಧ ಸಿದ್ಧವಾಗುವುದಿಲ್ಲ. ಬೆಂಕಿ ಬಿದ್ದ ಮನೆಯ ಮುಂದೆ ಕೊಡ ಹಿಡಿದವರು ಹತ್ತಾರು ಮಂದಿ ಇರುತ್ತಾರೆ. ಅವರು ಬೆಂಕಿ ಇಟ್ಟವರಲ್ಲ, ಆರಿಸಲು ಬಂದವರು. ರೋಗಪೀಡಿತವಾದ ಇಲಿಯ ಕೀಲಿನಲ್ಲಿ ಕೀಮೋಕೈನು ಹೇರಳವಾಗಿ ಕಂಡರೆ, ಅದು ರೋಗದ ಕಾರಣವಿರಬಹುದು, ರೋಗದ ಪರಿಣಾಮವಿರಬಹುದು, ರೋಗವನ್ನು ಮಾಯಿಸುವ ಯತ್ನದ ಗುರುತೂ ಇರಬಹುದು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದ ಮಾತ್ರಕ್ಕೆ ಕೊಂಬೆ ಕಾಗೆಯ ಭಾರದಿಂದಲೇ ಮುರಿಯಿತೆನ್ನುವಂತಿಲ್ಲ.

ಪ್ರತಿಕಾಯದ ಎರಡನೆಯ ಉದ್ಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕೀಮೋಕೈನಿನ ಕೆಲಸಮಾಡುವ ಭಾಗವನ್ನೇ ಮುಚ್ಚುವಂಥ ಪ್ರತಿಕಾಯವನ್ನು ಜೀವಂತ ಇಲಿಗೆ ಚುಚ್ಚಿದರೆ, ಗ್ರಾಹಕಕ್ಕೆ ಅಂಟಲು ಕೀಮೋಕೈನಿಗೆ ಅವಕಾಶವಿರದು. ಆಗ ರೋಗ ತಗ್ಗಿದರೆ, ಕೀಮೋಕೈನು ಅಲ್ಲಿ ಸುಮ್ಮನೆ ನಿಂತಿರಲಿಲ್ಲ, ಕೈಹಾಕಿತ್ತು ಎಂದು ಹೇಳಲು ಆಧಾರ ದೊರೆಯುತ್ತದೆ. ಪತ್ತೆಹಚ್ಚುವ ಪ್ರತಿಕಾಯವೆಲ್ಲ ತಡೆಯುವ ಪ್ರತಿಕಾಯವಾಗಲಾರದೆಂಬುದನ್ನು ಇಲ್ಲಿ ಗಮನಿಸಬೇಕು. ಬೆನ್ನು ಹಿಡಿದು ನಿಲ್ಲಿಸಿದವನ ಬಾಯಿ ಇನ್ನೂ ಕೂಗುತ್ತಿರಬಹುದು. ಆದಕಾರಣ ತಡೆಯುವ ಶಕ್ತಿಯನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ೧೯೬೨ರಲ್ಲಿ ಬಾಯ್ಡನ್ ರೂಪಿಸಿದ, ಸಣ್ಣ ರಂಧ್ರಗಳುಳ್ಳ ಪೊರೆಯಿಂದ ಎರಡಾಗಿ ಭಾಗಿಸಿದ ಪೆಟ್ಟಿಗೆಯಲ್ಲಿ ಇದು ಸಾಧ್ಯ. ಕೆಳಗೆ ಕೀಮೋಕೈನು, ಮೇಲೆ ರಕ್ತಕಣ. ಪ್ರತಿಕಾಯವನ್ನು ಬೆರೆಸಿದಾಗ ಕಣಗಳು ಪೊರೆಯನ್ನು ದಾಟಿ ಇಳಿಯದಿದ್ದರೆ ತಡೆ ನಿಜ.

ಈ ವಿಧಾನದಿಂದ ದೊರೆತ ಒಂದು ಪ್ರಸಿದ್ಧ ಫಲವನ್ನು ನೋಡೋಣ. ಮನುಷ್ಯರಿಗೆ ಬರುವ ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗವನ್ನು ಹೋಲುವ ಉರಿಯೂತವನ್ನು ಇಲಿಗಳ ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಪ್ರಯೋಗಕ್ಕಾಗಿ ಉಂಟುಮಾಡಬಹುದು. ಇಲಿಯ ಬಾಲ ಮೊದಲು ಸೋಲುತ್ತದೆ, ಆಮೇಲೆ ಹಿಂಗಾಲುಗಳು ಸೋಲುತ್ತವೆ. ೧೯೯೫ರಲ್ಲಿ ಅಮೆರಿಕದ ಕಾರ್ಪಸ್ ಮತ್ತು ಅವರ ಸಂಗಡಿಗರು ಎಂ.ಐ.ಪಿ.-೧ ಆಲ್ಫಾ ಎಂಬ ಕೀಮೋಕೈನನ್ನು ತಡೆಯುವ ಪ್ರತಿಕಾಯವನ್ನು ಕೊಟ್ಟು, ರೋಗದ ಮೊದಲ ಹೊಡೆತವನ್ನು ತಪ್ಪಿಸಿದರು. ಎಂ.ಸಿ.ಪಿ.-೧ನ್ನು ತಡೆಯುವ ಪ್ರತಿಕಾಯದಿಂದ ಆ ಹೊಡೆತ ತಪ್ಪಲಿಲ್ಲ. ಆದರೆ ರೋಗ ಮರುಕಳಿಸುವ ಹಂತದಲ್ಲಿ ಅದರ ಉಗ್ರತೆ ತಗ್ಗಿತೆಂದು ೧೯೯೭ರಲ್ಲಿ ತಿಳಿದುಬಂತು. ಒಂದೊಂದು ಕೀಮೋಕೈನಿಗೂ ಒಂದೊಂದು ಘಟ್ಟದ ಹೊಣೆಯೆಂಬ ಚಿತ್ರ ಅಚ್ಚುಕಟ್ಟಾಗಿ ಮೂಡಿತು.

ಆದರೆ ೨೦೦೦ರಲ್ಲಿ ಬೇರೊಂದು ತಂಡದವರು ಎಂ.ಐ.ಪಿ.-೧ ಆಲ್ಫಾದ ಜೀನನ್ನೇ ತೆಗೆದುಹಾಕಿದ ಇಲಿಗಳಲ್ಲಿ ಈ ರೋಗವನ್ನು ಉಂಟುಮಾಡಿ ನೋಡಿದರು. ಹುಟ್ಟಿದಂದಿನಿಂದ ಆ ಪ್ರೋಟೀನಿಲ್ಲದ ಇಲಿಗಳಿಗೆ ರೋಗ ಬರಕೂಡದಷ್ಟೆ. ರೋಗ ಬಂದೇಬಂತು! ಮರುವರ್ಷ ಎಂ.ಸಿ.ಪಿ.-೧ ಇಲ್ಲದ ಇಲಿಗಳನ್ನು ಪರೀಕ್ಷಿಸಿದಾಗ, ಅವು ರೋಗವನ್ನು ಬಹುಮಟ್ಟಿಗೆ ತಡೆದುಕೊಂಡವು. ಯಾರ ಮಾತು ಸತ್ಯ? ಯಾರನ್ನೂ ಸುಳ್ಳುಗಾರರೆನ್ನಲು ಕಾರಣವಿಲ್ಲ. ಎಂ.ಐ.ಪಿ.ಯ ಎರಡು ಪ್ರಯೋಗಗಳಲ್ಲಿ ಇಲಿಗಳ ತಳಿ ಒಂದೇ ಅಲ್ಲ. ರೋಗವನ್ನು ಬರಿಸಿದ ಕ್ರಮವೂ ಒಂದೇ ಅಲ್ಲ. ಹುಟ್ಟಿನಿಂದ ಒಬ್ಬ ಕರೆಗಾರನಿಲ್ಲದ ಮನೆಯಲ್ಲಿ ಅವನ ಕೆಲಸವನ್ನು ಇನ್ನೊಬ್ಬ ವಹಿಸಿಕೊಂಡಿರಬಹುದು. ಒಂದು ಗ್ರಾಹಕಕ್ಕೆ ಹಲವು ಕೀಮೋಕೈನುಗಳು ಅಂಟುವ ಸಂಗತಿಯನ್ನು ಹಿಂದೆಯೇ ಹೇಳಿದ್ದೇವೆ. ಪ್ರತಿಕಾಯದ ಗುರಿ ಒಂದೇ ಆಗಿತ್ತೇ ಎಂಬ ಪ್ರಶ್ನೆಯೂ ಏಳುತ್ತದೆ. ಇವುಗಳಲ್ಲಿ ಯಾವುದು ನಿಜವೆಂಬುದು ಒಂದೇ ಸಾಕ್ಷಿಯಿಂದ ತೀರ್ಮಾನವಾಗತಕ್ಕದ್ದಲ್ಲ. ನಾವು ಪ್ರತಿಪಾದಿಸುವ ಮುಖ್ಯ ವಿಷಯ ಇದೇ.

ನ್ಯಾಯಾಲಯದಲ್ಲಿ ಸಾಕ್ಷಿ ಎಷ್ಟೇ ಸಂಭಾವಿತನಾಗಿರಲಿ, ಪಾಟೀಸವಾಲನ್ನು ಎದುರಿಸಲೇಬೇಕು. ಪ್ರತಿಕಾಯಕ್ಕೂ ಅದೇ ನಿಯಮ ಸಲ್ಲಬೇಕು. ಅದು ತಾನು ಗುರುತಿಸುವೆನೆಂದು ಹೇಳುವ ವಸ್ತುವನ್ನೇ ಗುರುತಿಸುತ್ತದೆಯೋ? ಆ ವಸ್ತುವಿನ ಜೀನನ್ನು ತೆಗೆದ ಇಲಿಯ ಅಂಗಾಂಶದ ಮೇಲೆ ಹಾಕಿದಾಗಲೂ ಬಣ್ಣ ಬಂದರೆ ಸಾಕ್ಷಿ ಸುಳ್ಳು ಹೇಳುತ್ತಿದೆಯೆಂದೇ ತಿಳಿಯಬೇಕು. ಹೋಲಿಕೆಗಾಗಿ, ಅದೇ ವರ್ಗಕ್ಕೆ ಸೇರಿ ಯಾವ ಗುರಿಯೂ ಇಲ್ಲದ ಇನ್ನೊಂದು ಪ್ರತಿಕಾಯವನ್ನು ಬೇರೆ ಇಲಿಗಳಿಗೆ ಕೊಟ್ಟಿದ್ದರೋ? ಪ್ರತಿಕಾಯದ ಬಾಲಭಾಗ ಬಿಳಿಯ ಕಣಗಳಿಗೆ ಅಂಟಿ ತಾನಾಗಿಯೇ ಪರಿಣಾಮವನ್ನುಂಟುಮಾಡಬಲ್ಲುದಾದ್ದರಿಂದ, ಬರಿಯ ಉಪ್ಪುನೀರನ್ನು ಚುಚ್ಚಿದ ಇಲಿಯೊಡನೆ ಹೋಲಿಸಿದರೆ ಸಾಲದು. ದ್ರಾವಣದಲ್ಲಿ ಬ್ಯಾಕ್ಟೀರಿಯಗಳ ಎಂಡೊಟಾಕ್ಸಿನ್ ಎಂಬ ವಿಷ ಲೇಶಮಾತ್ರ ಸೇರಿದ್ದರೂ ಅದೇ ಉರಿಯೂತವನ್ನು ಹುಟ್ಟಿಸುತ್ತದೆ, ಅದನ್ನು ಪರೀಕ್ಷಿಸಿದ್ದರೋ? ಪ್ರಯೋಗ ವಾರಗಟ್ಟಲೆ ನಡೆದಿದ್ದರೆ, ಪರಜಾತಿಯ ಆ ಪ್ರತಿಕಾಯಕ್ಕೇ ಇಲಿಯ ದೇಹ ಪ್ರತಿಕಾಯ ತಯಾರಿಸಿ ಅದನ್ನು ನಿಷ್ಫಲಗೊಳಿಸಿತೋ ಏನೋ? ಅಳತೆ ಮಾಡಿದ್ದು ರಕ್ತದಲ್ಲೋ, ನೊಂದ ಅಂಗದಲ್ಲೋ? ಕೀಮೋಕೈನುಗಳು ರಕ್ತನಾಳದ ಒಳಮೈಯಲ್ಲಿರುವ ಸಕ್ಕರೆಯ ಸರಗಳಿಗೆ ಅಂಟಿಕೊಂಡು ಕೆಲಸಮಾಡುವುದರಿಂದ, ಹರಿಯುವ ರಕ್ತದ ಅಳತೆ ಅಂಗದ ಸ್ಥಿತಿಯನ್ನು ಹೇಳದೆ ಹೋಗಬಹುದು.

ಈ ಪ್ರಶ್ನೆಗಳು ಬರಿಯ ಶಂಕೆಯಿಂದ ಹುಟ್ಟಿದವಲ್ಲ. ೨೦೨೩ರಲ್ಲಿ ಪ್ರಕಟವಾದ ಒಂದು ವಿಸ್ತಾರವಾದ ಪರೀಕ್ಷೆಯಲ್ಲಿ, ಮನುಷ್ಯನ ೬೫ ಪ್ರೋಟೀನುಗಳಿಗೆಂದು ಮಾರಾಟವಾಗುವ ೬೧೪ ಪ್ರತಿಕಾಯಗಳನ್ನು, ಜೀನು ತೆಗೆದ ಜೀವಕೋಶಗಳೊಡನೆ ಹೋಲಿಸಿ ನೋಡಿದರು. ಅರ್ಧಕ್ಕಿಂತ ಹೆಚ್ಚು ಪ್ರೋಟೀನುಗಳಿಗೆ ಒಂದಾದರೂ ಉತ್ತಮ ಪ್ರತಿಕಾಯ ದೊರೆಯಿತೆಂಬುದು ಸಮಾಧಾನದ ವಿಷಯ. ಆದರೆ ತನ್ನ ಗುರಿಯನ್ನೇ ಗುರುತಿಸಲಾರದ ಪ್ರತಿಕಾಯವನ್ನು ನೆಚ್ಚಿ ಬರೆದ ಪ್ರಬಂಧಗಳು, ಸರಾಸರಿಯಲ್ಲಿ, ಒಂದೊಂದು ಪ್ರೋಟೀನಿಗೆ ಸುಮಾರು ಹನ್ನೆರಡರಂತೆ ಸಿಕ್ಕಿದವು. ಇದು ಕೀಮೋಕೈನುಗಳಿಗೆಂದೇ ಮಾಡಿದ ಪರೀಕ್ಷೆಯಲ್ಲವಾದರೂ, ಶೀಶೆಯ ಮೇಲಣ ಚೀಟಿಯನ್ನು ವೇದವಾಕ್ಯವೆಂದು ತಿಳಿಯಬಾರದೆಂಬ ಪಾಠ ಎಲ್ಲರಿಗೂ ಒಂದೇ.

ಇನ್ನು ಇಲಿಗೂ ಮನುಷ್ಯನಿಗೂ ಇರುವ ಅಂತರವನ್ನು ವಿಚಾರಿಸಬೇಕು. ಮನುಷ್ಯನಲ್ಲಿ ನ್ಯೂಟ್ರೊಫಿಲ್‌ಗಳನ್ನು ಕರೆಯುವ ಇಂಟರ್‌ಲ್ಯೂಕಿನ್-೮ಕ್ಕೆ ಸಮನಾದ ಜೀನೇ ಇಲಿಯಲ್ಲಿಲ್ಲ! ಅಲ್ಲಿ ಆ ಕೆಲಸವನ್ನು ಕೆ.ಸಿ., ಎಂ.ಐ.ಪಿ.-೨ ಮೊದಲಾದ ಬೇರೆ ಕೀಮೋಕೈನುಗಳು ನಡೆಸುತ್ತವೆ. ಎಂ.ಸಿ.ಪಿ.-೧ ಇಲಿಯಲ್ಲಿದೆ, ೧೯೮೩ರಲ್ಲಿ ಅದರ ಜೀನನ್ನು ಕಂಡವರಿಗೆ ಅದರ ಕೆಲಸ ಗೊತ್ತಿರಲಿಲ್ಲವಾಗಿ ಅದಕ್ಕೆ ಜೆ.ಇ. ಎಂಬ ಬರಿಯ ಗುರುತಿನ ಹೆಸರಿತ್ತು. ಆದರೆ ಇಲಿಯ ಪ್ರೋಟೀನಿಗೆ ಮನುಷ್ಯನದಕ್ಕಿಲ್ಲದ ಉದ್ದನೆಯ ಬಾಲವೊಂದಿದೆ. ಒಂದಕ್ಕೆ ಅಂಟುವ ಪ್ರತಿಕಾಯ ಇನ್ನೊಂದಕ್ಕೆ ಅಂಟೀತೆಂದು ಭಾವಿಸುವಂತಿಲ್ಲ. ಇಲಿಯಲ್ಲಿ ಪರೀಕ್ಷಿಸಿದ ಪ್ರತಿಕಾಯ ಒಂದು, ರೋಗಿಗೆ ಕೊಡುವುದು ಮತ್ತೊಂದು ಆಗಬಹುದು.

ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ಎಂ.ಸಿ.ಪಿ.-೧ರ ಇತಿಹಾಸವೇ ಸಾಕ್ಷಿ. ರುಮಟಾಯ್ಡ್ ಸಂಧಿವಾತದ ರೋಗಿಗಳಿಗೆ ಅದನ್ನು ತಡೆಯುವ ಪ್ರತಿಕಾಯವನ್ನು ಕೊಟ್ಟು ನೋಡಿದ ಪ್ರಯೋಗದ ಫಲ ೨೦೦೬ರಲ್ಲಿ ಪ್ರಕಟವಾಯಿತು. ಕೀಲುಗಳಿಗೆ ಉಪಶಮನ ದೊರೆಯಲಿಲ್ಲ. ಅಷ್ಟೇ ಅಲ್ಲ, ಪ್ರತಿಕಾಯದ ಪ್ರಮಾಣ ಹೆಚ್ಚಿದಂತೆ ಅದಕ್ಕಂಟಿದ ಎಂ.ಸಿ.ಪಿ.-೧ ರಕ್ತದಲ್ಲಿ ಏರುತ್ತ ಹೋಯಿತು. ಬಿಡಿಯಾಗಿದ್ದಾಗ ಬೇಗನೆ ದೇಹದಿಂದ ತೊಲಗುವ ಆ ಚಿಕ್ಕ ಪ್ರೋಟೀನು, ದೊಡ್ಡದಾದ ಪ್ರತಿಕಾಯದ ಹೆಗಲೇರಿದ ಮೇಲೆ ಬಹುಕಾಲ ಉಳಿಯುತ್ತದೆ. ತಡೆಯಬೇಕಾದುದೇ ವಾಹನವಾಯಿತು! ಪತ್ತೆ ಮತ್ತು ತಡೆ ಎಂಬ ಎರಡು ಉದ್ಯೋಗಗಳು ಒಂದಕ್ಕೊಂದು ತೊಡಕಾಗುವುದೂ ಇಲ್ಲಿಯೇ. ರಕ್ತದಲ್ಲಿ ಅಳೆದ ಕೀಮೋಕೈನಿನಲ್ಲಿ ಬಿಡಿಯಾದದ್ದೆಷ್ಟು, ಕಟ್ಟುಬಿದ್ದದ್ದೆಷ್ಟು ಎಂದು ಬೇರ್ಪಡಿಸದಿದ್ದರೆ ಅಂಕೆಗೆ ಅರ್ಥವೇ ಇರದು. ೨೦೧೩ರಲ್ಲಿ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನಲ್ಲಿ ಇಂಥದೇ ಇನ್ನೊಂದು ಪ್ರತಿಕಾಯದ ಪ್ರಯೋಗದ ಫಲ ಹೊರಬಿತ್ತು. ಬಿಡಿಯಾದ ಎಂ.ಸಿ.ಪಿ.-೧ ಸ್ವಲ್ಪ ಕಾಲ ಇಳಿದು, ಆಮೇಲೆ ಮೊದಲಿಗಿಂತಲೂ ಮೇಲಕ್ಕೇರಿತು; ರೋಗ ತಗ್ಗಲಿಲ್ಲ.

ಇಲಿಯೇ ಕಲಿಸಿದ ಮತ್ತೊಂದು ಪಾಠವೂ ಉಂಟು. ಈ ಕೀಮೋಕೈನನ್ನು ತಡೆದರೆ ಸ್ತನದ ಕ್ಯಾನ್ಸರು ಶ್ವಾಸಕೋಶಕ್ಕೆ ಹಬ್ಬುವುದು ಕಡಿಮೆಯಾಗುವುದೆಂದು ೨೦೧೧ರಲ್ಲಿ ಇಲಿಗಳಲ್ಲಿ ಕಂಡುಬಂತು. ೨೦೧೪ರಲ್ಲಿ ಬೇರೆ ವಿಜ್ಞಾನಿಗಳು ಮುಂದಿನ ಪ್ರಶ್ನೆಯನ್ನು ಕೇಳಿದರು. ಪ್ರತಿಕಾಯವನ್ನು ಕೊಡುವುದನ್ನು ನಿಲ್ಲಿಸಿದರೇನಾಗುತ್ತದೆ? ಎಲುಬಿನ ಮಜ್ಜೆಯಲ್ಲಿ ತಡೆಹಿಡಿದಿದ್ದ ಮಾನೋಸೈಟ್‌ಗಳು ಕಟ್ಟೆಯೊಡೆದ ಕೆರೆಯಂತೆ ನುಗ್ಗಿ, ಕ್ಯಾನ್ಸರು ಮೊದಲಿಗಿಂತ ಹೆಚ್ಚಾಗಿ ಹಬ್ಬಿ, ಇಲಿಗಳು ಬೇಗನೆ ಸತ್ತವು. ಪ್ರಯೋಗವನ್ನು ಎಲ್ಲಿ ನಿಲ್ಲಿಸುತ್ತೇವೆಂಬುದೂ ಉತ್ತರವನ್ನು ನಿರ್ಧರಿಸುತ್ತದೆಂದಾಯಿತು. ಇಲಿಯ ಮೇಲಣ ಪ್ರಯೋಗವೇ ವ್ಯರ್ಥವೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಸರಿಯಾದ ಪ್ರಶ್ನೆಯನ್ನು ಕೇಳಿದಾಗ ಇಲಿ ಮನುಷ್ಯನಿಗೆ ಬರಬಹುದಾದ ಅಪಾಯವನ್ನು ಮುಂಚಿತವಾಗಿ ತಿಳಿಸಿತು.

ಇಷ್ಟೊಂದು ಪರೀಕ್ಷೆಗಳನ್ನು ವಿಧಿಸಿದರೆ ಸಂಶೋಧನೆ ಕುಂಟುತ್ತದೆ, ಖರ್ಚು ಬೆಳೆಯುತ್ತದೆ, ಚಿಕ್ಕ ಪ್ರಯೋಗಶಾಲೆಗಳು ಮುಚ್ಚಿಹೋಗುತ್ತವೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಈ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಜೀನು ತೆಗೆದ ಇಲಿಗಳನ್ನು ಸಾಕುವುದು ಅಗ್ಗದ ಕೆಲಸವಲ್ಲ. ಆದರೆ ಪರೀಕ್ಷಿಸದ ಪ್ರತಿಕಾಯದಿಂದ ನಡೆದ ಪ್ರಯೋಗ ಅದಕ್ಕಿಂತಲೂ ದುಬಾರಿ. ಅದನ್ನು ನಂಬಿ ಹತ್ತು ಕಡೆ ಹತ್ತು ತಂಡಗಳು ದುಡಿಯುತ್ತವೆ. ಕೊನೆಗೆ ರೋಗಿಗಳು ತಮ್ಮ ದೇಹವನ್ನೇ ಪರೀಕ್ಷೆಗೆ ಒಡ್ಡುತ್ತಾರೆ. ಪ್ರಾಣ ತೆತ್ತ ಇಲಿಗಳ ಲೆಕ್ಕವನ್ನೂ ಇಡಬೇಕು. ೧೯೫೯ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್, ಪ್ರಾಣಿಗಳ ಬದಲು ಬೇರೆ ಸಾಧನ ದೊರೆತರೆ ಅದನ್ನು ಬಳಸಬೇಕು, ಬಳಸುವ ಪ್ರಾಣಿಗಳ ಸಂಖ್ಯೆಯನ್ನು ತಗ್ಗಿಸಬೇಕು, ಅವುಗಳ ನೋವನ್ನು ಕಡಿಮೆಮಾಡಬೇಕು ಎಂಬ ಮೂರು ಸೂತ್ರಗಳನ್ನು ಮುಂದಿಟ್ಟರು. ನಮ್ಮ ದೇಶದ ೧೯೬೦ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯೂ ಪ್ರಯೋಗಕ್ಕೊಳಗಾದ ಪ್ರಾಣಿಗಳಿಗೆ ಅನಾವಶ್ಯಕ ನೋವಾಗಬಾರದೆಂದು ವಿಧಿಸುತ್ತದೆ. ಏನನ್ನೂ ತಿಳಿಸಲಾರದ ಪ್ರಯೋಗದಲ್ಲಿ ಇಲಿಗಾಗುವ ನೋವು ಅನಾವಶ್ಯಕವಲ್ಲದೆ ಮತ್ತೇನು?

ಆದಕಾರಣ ನಮ್ಮ ಸೂಚನೆ ಇಷ್ಟೆ. ಪ್ರಬಂಧ ಪ್ರಕಟಿಸುವ ಪತ್ರಿಕೆಗಳು ಬಳಸಿದ ಪ್ರತಿಕಾಯದ ಗುರುತನ್ನೂ, ಅದನ್ನು ಪರೀಕ್ಷಿಸಿದ ರೀತಿಯನ್ನೂ, ಹೋಲಿಕೆಯ ಪ್ರತಿಕಾಯದ ಫಲವನ್ನೂ ತಪ್ಪದೆ ಕೇಳಬೇಕು. ಒಂದು ಕೀಮೋಕೈನು ರೋಗದ ಕಾರಣವೆಂದು ಹೇಳಬಯಸುವವರು ಪತ್ತೆ, ತಡೆ, ಜೀನಿನ ಅಭಾವ ಎಂಬ ಮೂರು ಸಾಕ್ಷ್ಯಗಳನ್ನೂ ಒಟ್ಟಿಗೆ ತೂಗಿ ನೋಡಬೇಕು. ಅವು ಒಪ್ಪದಿದ್ದರೆ ಆ ಭಿನ್ನತೆಯನ್ನು ಮುಚ್ಚಿಡದೆ ಮುಂದಿಡಬೇಕು. ಕಾಲೇಜುಗಳ ಅಧ್ಯಾಪಕರು ಎಲೈಸಾ ಪರೀಕ್ಷೆಯನ್ನು ಕಲಿಸುವಾಗ ಬಣ್ಣ ಬರಿಸುವುದನ್ನಷ್ಟೇ ತೋರಿಸದೆ, ಬಣ್ಣ ಬರಬಾರದ ಗುಳಿಯನ್ನೂ ಏರ್ಪಡಿಸಿ, ಅದೇಕೆ ಬೇಕೆಂಬುದನ್ನು ವಿದ್ಯಾರ್ಥಿಗಳ ಬಾಯಿಂದಲೇ ಹೇಳಿಸಬೇಕು.

ಪ್ರತ್ಯಕ್ಷವಾಗಿ ಕಂಡರೂ ಪರಾಂಬರಿಸಿ ನೋಡು ಎಂಬುದು ನಮ್ಮ ಹಿರಿಯರ ಗಾದೆ. ವಿಜ್ಞಾನದ ವಿದ್ಯಾರ್ಥಿಗಳು ಅದನ್ನು ಸಂಶಯಪಿಶಾಚಿಗಳಾಗುವುದಕ್ಕೆ ನೆವವಾಗಿ ತೆಗೆದುಕೊಳ್ಳದೆ ಕೆಲಸದ ಕ್ರಮವಾಗಿ ಸ್ವೀಕರಿಸಬೇಕು. ಇಲಿಗಳು ಗುಣಹೊಂದಿದವು ಎಂಬ ಮುಂದಿನ ವಾರ್ತೆಯನ್ನು ಓದಿದಾಗ, ಯಾವ ಪ್ರತಿಕಾಯ, ಯಾವುದರೊಡನೆ ಹೋಲಿಸಿದರು, ಯಾವ ತಳಿಯ ಇಲಿ, ಕೊಡುವುದನ್ನು ನಿಲ್ಲಿಸಿದ ಮೇಲೆ ಏನಾಯಿತು ಎಂಬ ನಾಲ್ಕು ಪ್ರಶ್ನೆಗಳನ್ನು ಅವರು ಕೇಳಲಿ. ಮುಂದೆ ತಾವೇ ಪ್ರಯೋಗಶಾಲೆಯನ್ನು ಹೊಕ್ಕಾಗ, ಅವೇ ಪ್ರಶ್ನೆಗಳನ್ನು ಮೊದಲ ಇಲಿಯನ್ನು ಕೈಗೆತ್ತಿಕೊಳ್ಳುವುದಕ್ಕಿಂತ ಮುಂಚೆ ತಮಗೆ ತಾವೇ ಕೇಳಿಕೊಳ್ಳಲಿ.